ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಮ್ಮೂರ ರಸ್ತೆ ಸೇರಿಸುವಾಗ ಏನೇನು ನೋಡಿಕೊಳ್ಳಬೇಕು?

ನೀವು ಕುಮಟಾದವರು, ಮನೆ ಸುತ್ತಲಿನ ರಸ್ತೆಗಳನ್ನು ಈ ಮ್ಯಾಪಿಗೆ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಗೆ, ಹಾಕಲು ಹೊರಟಿದ್ದೀರಿ ಅಂತ ಬರೆದಿದ್ದೀರಿ. ನಾನು ಶಿರಸಿ ಕಡೆಯವನು, ಬಿಡುವಾದಾಗೆಲ್ಲ ಇದೇ ಕೆಲಸ. ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಮೊದಮೊದಲು ಉಪಗ್ರಹ ಚಿತ್ರ ನೋಡಿಯೇ ಗೆರೆ ಎಳೆಯುತ್ತಿದ್ದೆ. ಪಕ್ಕದ ಊರಲ್ಲಿ ಹಳ್ಳದ ಈಚೆಗೊಂದು ಮಣ್ಣುರಸ್ತೆ, ಆಚೆಗೊಂದು. ನಡುವೆ ಬರೀ ಮರದ ಹಸಿರು. ಸೇತುವೆ ಇದ್ದೇ ಇರುತ್ತದೆ ಅಂದುಕೊಂಡು ಎರಡನ್ನೂ ಕೂಡಿಸಿಬಿಟ್ಟೆ. ಅಲ್ಲಿದ್ದದ್ದು ಅಡಿಕೆ ಮರದ ಕಾಲುಸಂಕ! ಮದುವೆಗೆ ಬಂದ ಹುಬ್ಬಳ್ಳಿ ನೆಂಟರ ಕಾರು ಮ್ಯಾಪ್ ನಂಬಿ ಸಂಕದ ತುದಿಗೆ ಹೋಗಿ ನಿಂತಿತು. ತೋಟದ ದಾರಿಯಲ್ಲಿ ಅರ್ಧ ಕಿಲೋಮೀಟರ್ ರಿವರ್ಸ್. ಊಟಕ್ಕೆ ಕೂತಾಗ ಅವರು ಮ್ಯಾಪಿಗೆ ಬೈಯುತ್ತಿದ್ದರು, ನಾನು ಸುಮ್ನೆ ಪಾಯಸ ಬಡಿಸುತ್ತಿದ್ದೆ.

ಈಗ ಸಂಕವನ್ನು ಬೇರೆ ತುಂಡು ಮಾಡಿ, ಕಾಲುದಾರಿ ಮತ್ತು ಸೇತುವೆ ಅಂತ ಎರಡೂ ಟ್ಯಾಗ್ (ಅದು ಏನು ಅಂತ ಹೇಳುವ ಗುರುತು) ಹಾಕುತ್ತೇನೆ. ಮರ ಮುಚ್ಚಿದ ದಾರಿಯಾದರೆ ಫೋನಿನಲ್ಲಿ ಜಿಪಿಎಸ್ ಹಾಕಿಕೊಂಡು ಬೈಕಿನಲ್ಲಿ ಹೋಗಿಬರುತ್ತೇನೆ. ಮರದಡಿ ಜಿಪಿಎಸ್ ಕೂಡ ಅತ್ತಿತ್ತ ಹೊಯ್ದಾಡುತ್ತದೆ, ಹಾಗಾಗಿ ಹೋದದ್ದು, ಬಂದದ್ದು ಎರಡೂ ಬೇಕು. ಉಪಗ್ರಹ ಚಿತ್ರವೇ ಕೆಲವು ಮೀಟರ್ ಸರಿದಿರುವುದೂ ಉಂಟು. ಮೊದಲು ಚಿತ್ರವನ್ನು ಆ ಜಿಪಿಎಸ್ ಜಾಡಿಗೆ ಹೊಂದಿಸಿ, ಆಮೇಲೆ ಗೆರೆ ಎಳೆಯಿರಿ.

ಹೊಸಬರು ಜಾಸ್ತಿ ತಪ್ಪುವುದು ರಸ್ತೆ ಕೂಡುವಲ್ಲಿ. ಪರದೆಯಲ್ಲಿ ಗೆರೆಗೆ ಗೆರೆ ತಾಗಿದ ಹಾಗೆ ಕಾಣುತ್ತದೆ. ಆದರೆ ಎರಡಕ್ಕೂ ಸೇರಿದ ಒಂದು ನೋಡ್ (ಗೆರೆಯ ಮೇಲಿನ ಬಿಂದು) ಇಲ್ಲದಿದ್ದರೆ ದಾರಿ ತೋರಿಸುವ ಆ್ಯಪ್ ಅಲ್ಲಿ ತಿರುಗುವುದೇ ಇಲ್ಲ. ಇದರ ಉಲ್ಟಾ ತಪ್ಪೂ ಇದೆ. ಕೊಂಕಣ ರೈಲ್ವೆ ಹಳಿಯ ಅಡಿಯಿಂದ ದಾಟುವ ರಸ್ತೆಯನ್ನು ಹಳಿಗೆ ಕೂಡಿಸಬಾರದು. ಮೇಲಿನ ಹಳಿಗೆ ಸೇತುವೆ ಟ್ಯಾಗ್ ಹಾಕಿ ಲೇಯರ್ 1 ಕೊಡಿ, ಅಂದರೆ ಅದು ರಸ್ತೆಗಿಂತ ಒಂದು ಹಂತ ಮೇಲಿದೆ ಅಂತ. ಗೇಟ್ ಇರುವಲ್ಲಿ ಮಾತ್ರ ಕೂಡಿಸಿ, ಆ ನೋಡ್‌ಗೆ ಲೆವೆಲ್ ಕ್ರಾಸಿಂಗ್ ಅಂತ ಹಾಕಿ.

ಡಾಂಬರು ಕಂಡ ತಕ್ಷಣ ದೊಡ್ಡ ರಸ್ತೆ ಮಾಡಬೇಡಿ. ತೋಟ, ಬೆಟ್ಟದ ದಾರಿಗೆ ಟ್ರ್ಯಾಕ್ ಅನ್ನುವ ದರ್ಜೆ. ಮನೆಗಳ ಸಾಲಿಗೆ ರೆಸಿಡೆನ್ಶಿಯಲ್. ಊರಿಂದೂರಿಗೆ ಹೋಗುವ ಸಣ್ಣ ರಸ್ತೆಗೆ ಅನ್‌ಕ್ಲಾಸಿಫೈಡ್. ಹೆಸರು ವಿಚಿತ್ರ, ಆದರೆ ಅದೂ ಒಂದು ದರ್ಜೆಯೇ. ಡಾಂಬರೋ ಮಣ್ಣೋ ಅನ್ನುವುದಕ್ಕೆ ಬೇರೆ ಟ್ಯಾಗ್ ಇದೆ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವಂತಿಲ್ಲ, ಲೈಸೆನ್ಸ್ ಒಪ್ಪುವುದಿಲ್ಲ.

ಒಮ್ಮೆ ಹಾಕಿದ್ದನ್ನು ಆಗಾಗ ನೋಡುತ್ತಲೂ ಇರಬೇಕು. 2024ರ ಆಗಸ್ಟ್‌ನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿಯಿತಲ್ವಾ? ಆಮೇಲೆ ಎರಡೂ ದಿಕ್ಕಿನ ಗಾಡಿಗಳು ಹೊಸ ಸೇತುವೆ ಮೇಲೇ ಹೋಗಬೇಕಾಯಿತು. ಅಂಥ ಹೊತ್ತಲ್ಲಿ ಹೊಸ ಸೇತುವೆಯ ಒನ್‌ವೇ ಟ್ಯಾಗ್ ಹಾಗೇ ಉಳಿದರೆ ಸದಾಶಿವಗಡದಿಂದ ಕಾರವಾರ ಪೇಟೆಗೆ ಬರಲು ಆ್ಯಪ್‌ಗೆ ದಾರಿಯೇ ಸಿಗುವುದಿಲ್ಲ.

ಶುರುವಿಗೆ ಬ್ರೌಸರಿನಲ್ಲೇ ತೆರೆಯುವ ಐಡಿ (iD) ಅನ್ನುವ ಎಡಿಟರ್ ಸಾಕು. ಸೇವ್ ಮಾಡುವ ಮೊದಲು ಅದು ಕೊಡುವ ಎಚ್ಚರಿಕೆಗಳನ್ನು ಓದಿ. ಮೊದಲ ದಿನ ನಿಮ್ಮ ಮನೆಯಿಂದ ಬಸ್ ಸ್ಟ್ಯಾಂಡಿನವರೆಗೆ ಮಾತ್ರ ಮಾಡಿ ನೋಡಿ.