ಲೇಸರ್ ಆದ ಮೇಲೆ ಒಳಗಿನ ತೂತು ಮುಚ್ಚುತ್ತಾ?

ಪ್ರಶ್ನೆ: ಡಾಕ್ಟರೇ, ನನ್ನ ತಂಗಿಗೆ ಅವಳಿ ಮಕ್ಕಳು, ಎರಡಕ್ಕೂ ಒಂದೇ ಮಾಸು. ಒಂದು ಮಗುವಿನ ಸುತ್ತ ನೀರು ಜಾಸ್ತಿ, ಇನ್ನೊಂದಕ್ಕೆ ತೀರಾ ಕಮ್ಮಿ ಆಗಿ 20ನೇ ವಾರದಲ್ಲಿ ಹೊಟ್ಟೆಯೊಳಗೆ ಕೊಳವೆ ತೂರಿಸಿ ಮಾಸಿನ ನಾಳಗಳಿಗೆ ಲೇಸರ್ ಮಾಡಿಸಿದೆವು. ಹೊಟ್ಟೆ ಮೇಲಿನ ಗಾಯ ಮಾಯ್ದಿದೆ. ಒಳಗಿನ ನೀರಿನ ಚೀಲದ ತೂತಿಗೆ ಹೊಲಿಗೆ ಹಾಕಿಲ್ಲವಂತೆ, ಮುಂದೆ ನೀರು ಸೋರಬಹುದಂತೆ. ಸೈಕಲ್ ಟ್ಯೂಬಿಗೆ ಹಾಕೋ ಹಾಗೆ ಒಂದು ಪ್ಯಾಚ್ ಹಾಕಕ್ಕೆ ಆಗಲ್ವಾ? ಅವಳು ಎದ್ದು ಓಡಾಡಿದರೆ ನೀರು ಹೋಗುತ್ತೆ ಅಂತ ಅವಳ ಅತ್ತೆ ಹಾಸಿಗೆಯಿಂದ ಇಳಿಯೋಕೇ ಬಿಡ್ತಿಲ್ಲ.
— ಓದುಗರು, ಹಾಸನ

ಉತ್ತರ: ಮೊದಲು ಅತ್ತೆಯವರ ಮಾತಿಗೇ ಬರ್ತೀನಿ. ದಿನವಿಡೀ ಮಲಗಿದ್ದರೆ ನೀರು ಹೋಗುವುದು ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸುಮ್ನೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಭಾರ ಎತ್ತುವುದು ಬೇಡ, ದೂರದ ಪ್ರಯಾಣ ಬೇಡ. ಮನೆಯೊಳಗೆ ಓಡಾಡಲಿ, ತಾನೇ ಎದ್ದು ಸ್ನಾನ ಮಾಡಲಿ. ನಾಳೆ ನೀರು ಹೋಯಿತು ಅಂತಲೇ ಇಟ್ಟುಕೊಳ್ಳಿ, ಅದು ನಿಮ್ಮ ತಂಗಿ ಮಾಡಿದ ತಪ್ಪಲ್ಲ. ಇದನ್ನು ಅತ್ತೆಯವರಿಗೆ ಜೋರಾಗಿ ಓದಿ ಹೇಳಿ. ಈ ಮಾತಿಗಾಗಿ ಅಳುವ ಹೆಣ್ಣುಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ.

ಇನ್ನು ತೂತಿನ ವಿಷಯ. ಚರ್ಮ ಕುಯ್ದರೆ ರಕ್ತ ಬರುತ್ತದೆ, ಹೆಪ್ಪುಗಟ್ಟುತ್ತದೆ, ಅದರ ಮೇಲೆ ಹೊಸ ಚರ್ಮ ಬೆಳೆಯುತ್ತದೆ. ನೀರಿನ ಚೀಲಕ್ಕೆ ಎರಡು ಪದರ. ಮಗುವಿನ ಕಡೆ ಇರುವ ಒಳಪದರವೇ ಗಟ್ಟಿ, ಆದರೆ ಅದರಲ್ಲಿ ಒಂದೂ ರಕ್ತನಾಳವಿಲ್ಲ. ರಕ್ತವೇ ಇಲ್ಲದ ಕಡೆ ಹೆಪ್ಪು ಎಲ್ಲಿಂದ ಬರಬೇಕು? ಹೆರಿಗೆಯಾದ ಮೇಲೆ ಮಾಸಿನ ಜೊತೆ ಬಂದ ಪೊರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಆಚೆಗಿನ ನನ್ನ ಬೆರಳು ಕಾಣುವಷ್ಟು ತೆಳು, ಕೈಯಿಂದ ಜಾರುತ್ತಿರುತ್ತದೆ. ಲೇಸರ್ ಆಗಿ ಎಷ್ಟೋ ವಾರ ಕಳೆದಿದ್ದರೂ ಕೊಳವೆ ಹೋದ ಜಾಗದಲ್ಲಿ ತೂತು ಹಾಗೇ ಇರುತ್ತದೆ, ಅಂಚು ಇವತ್ತು ಕತ್ತರಿಸಿದಷ್ಟು ಸ್ವಚ್ಛ. ಹಾಗಿದ್ದರೂ ಎಲ್ಲರಿಗೂ ಸೋರುವುದಿಲ್ಲ. ಗರ್ಭಕೋಶದ ಗೋಡೆ ಹೊರಗಿನಿಂದ ಒತ್ತಿ ಹಿಡಿದಿರುತ್ತದೆ, ಪದರಗಳೂ ಒಂದರ ಮೇಲೊಂದು ಜರುಗಿ ಕೂರುತ್ತವೆ. ಹೀಗೆ ಕೊಳವೆ ತೂರಿಸಿ ಮಾಡುವ ಚಿಕಿತ್ಸೆಗಳಲ್ಲಿ ನೂರಕ್ಕೆ ಸುಮಾರು 30 ಜನರಿಗೆ ದಿನ ತುಂಬುವ ಮೊದಲೇ ನೀರು ಹೋಗುತ್ತದೆ.

ಪ್ಯಾಚ್ ಹಾಕುವ ಮೊದಲು ಟ್ಯೂಬನ್ನು ಒಣಗಿಸಿ ಉಜ್ಜುತ್ತಾರೆ, ಅಲ್ವಾ? ಇಲ್ಲಿ ಎರಡೂ ಕಡೆ ಒದ್ದೆ. ಹೊಲಿಗೆ ಹಾಕೋಣ ಎಂದರೆ ಒಂದೊಂದು ಸೂಜಿಯೂ ಇನ್ನೊಂದು ತೂತು. ಹಾಗಂತ ಡಾಕ್ಟರುಗಳು ಕೈಕಟ್ಟಿ ಕೂತಿಲ್ಲ. ಕೊಳವೆ ಹೊರತೆಗೆಯುವಾಗ ಜಿಲೆಟಿನ್ ಸ್ಪಂಜು, ಕೊಲಾಜೆನ್ ಬಿರಡೆ ಇಟ್ಟು ನೋಡಿದ್ದಾರೆ. ಬಿರಡೆ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1996ರಲ್ಲಿ ಅಮೆರಿಕದ ಡಾ. ಕ್ವಿಂಟೆರೊ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನೂ ಕ್ರಯೊಪ್ರೆಸಿಪಿಟೇಟನ್ನೂ (ರಕ್ತದಿಂದ ತೆಗೆದ, ಹೆಪ್ಪುಗಟ್ಟಿಸುವ ಪ್ರೋಟೀನುಗಳು) ಚೀಲದೊಳಗೆ ಬಿಟ್ಟು ಸೋರಿಕೆ ನಿಲ್ಲಿಸಿದರು. ಅದಕ್ಕೆ ಆಮ್ನಿಯೊಪ್ಯಾಚ್ ಎನ್ನುತ್ತಾರೆ. ಕೆಲವರಿಗೆ ಫಲ ಕೊಟ್ಟಿದೆ, ಎಲ್ಲರಿಗೂ ಅಲ್ಲ. ಅದನ್ನು ಮಾಡುವುದೂ ಸೋರಿಕೆ ಶುರುವಾದ ಮೇಲೆ. ನನಗೆ ಹೆಚ್ಚು ಆಸೆ ಹುಟ್ಟಿಸಿರುವುದು ಕರಾವಳಿಯ ಪಚ್ಚಿಲೆಯ ಜಾತಿಯ ಚಿಪ್ಪುಜೀವಿಗಳು. ಅಲೆ ಬಡಿಯುತ್ತಿದ್ದರೂ ಒದ್ದೆ ಬಂಡೆಯನ್ನು ಬಿಡುವುದಿಲ್ಲ. ಅವುಗಳ ಅಂಟನ್ನು ನೋಡಿ ಮಾಡಿದ ಅಂಟನ್ನು ಪೊರೆಯ ಮೇಲೂ, ಮೊಲಗಳಲ್ಲೂ ಪರೀಕ್ಷಿಸಿದ್ದಾರೆ. ನಿಮ್ಮ ತಂಗಿಯ ಹೆರಿಗೆಗೆ ಅದು ಸಿಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ತೂತು ಮಾಡಿದರು ಎಂದು ನಿಮಗೆ ಅನ್ನಿಸಬಹುದು. ಮಾಸಿನಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತಿತ್ತು. ಆ ನಾಳಗಳನ್ನು ಲೇಸರಿನಿಂದ ಮುಚ್ಚದಿದ್ದರೆ ಇಬ್ಬರನ್ನೂ ಕಳೆದುಕೊಳ್ಳುವ ಅಪಾಯ ತುಂಬಾ ಜಾಸ್ತಿ. 2004ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಲೇಸರ್ ಆದವರಲ್ಲಿ ಶೇ. 76 ಮಂದಿಗೆ ಕನಿಷ್ಠ ಒಂದು ಮಗು ಹುಟ್ಟಿ 28 ದಿನ ದಾಟಿತು. ಬರೀ ನೀರು ತೆಗೆಯುತ್ತಾ ಬಂದವರಲ್ಲಿ ಅದು ಶೇ. 56. ನಿಮ್ಮ ಡಾಕ್ಟರು ಮಾಡಿದ್ದು ಸರಿಯಾದ ಕೆಲಸವೇ.

ಈಗ ನೀವು ಮಾಡಬೇಕಾದ್ದು ಹೇಳ್ತೀನಿ. ತಂಗಿ ಬಿಳಿ ಪ್ಯಾಡ್ ಇಟ್ಟುಕೊಳ್ಳಲಿ. ಮೂತ್ರದ ವಾಸನೆಯಿಲ್ಲದ, ತಿಳಿಯಾದ ನೀರಿನಿಂದ ಅದು ಮತ್ತೆ ಮತ್ತೆ ತೊಯ್ದರೆ ಬೆಳಗಾಗಲಿ ಅಂತ ಕಾಯಬೇಡಿ. 100.4 ಡಿಗ್ರಿ ಜ್ವರ, ಹೊಟ್ಟೆನೋವು, ಹಸಿರು ಬಣ್ಣ, ಕೆಟ್ಟ ವಾಸನೆ, ರಕ್ತ, ಇದರಲ್ಲಿ ಒಂದಿದ್ದರೂ ಸಾಕು, ತಕ್ಷಣ ಹೊರಡಿ. ನೀರು ಹೋದರೆ ಅಂದೇ ಹೆರಿಗೆ ಆಗಿಬಿಡುತ್ತದೆ ಎಂದೇನಿಲ್ಲ. ಸೋಂಕಾಗದಂತೆ ಆಂಟಿಬಯಾಟಿಕ್ ಕೊಡುತ್ತಾರೆ, ವಾರಗಳನ್ನು ನೋಡಿಕೊಂಡು ಮಕ್ಕಳ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಎಷ್ಟೋ ಜನ ಅದಾದ ಮೇಲೂ ವಾರಗಟ್ಟಲೆ ಮುಂದೆ ಹೋಗಿದ್ದಾರೆ. ತೀರಾ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಎನ್ಐಸಿಯು ನಿಮಗೆ ಹತ್ತಿರ ಎಲ್ಲಿದೆ ಎಂದು ಈಗಲೇ ವಿಚಾರಿಸಿಡಿ, ಲೇಸರ್ ಮಾಡಿದ ರಿಪೋರ್ಟ್ ಕೈಗೆ ಸಿಗುವ ಚೀಲದಲ್ಲೇ ಇರಲಿ.