ಫೈರ್ ಇಂಜಿನ್ ಬರುವ ತನಕ

ಪ್ರಶ್ನೆ: ಅಗ್ನಿಶಾಮಕ ಠಾಣೆ ನಮ್ಮ ಊರಿನಿಂದ 32 ಕಿ.ಮೀ. ದೂರ. ಕಳೆದ ಬೇಸಿಗೆಯಲ್ಲಿ ಒಂದು ಹುಲ್ಲಿನ ಬಣವೆ, ಒಂದು ಕೊಟ್ಟಿಗೆ ಸುಟ್ಟುಹೋದವು. ಯುವಕ ಸಂಘದಿಂದ ಬೆಂಕಿ ನಂದಿಸುವ ತಂಡ ಕಟ್ಟಬೇಕೆಂದಿದ್ದೇವೆ. ಏನೇನು ಕೊಳ್ಳಬೇಕು?
— ಸಂಘದ ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ

ಉತ್ತರ: ಕೊಳ್ಳುವ ಮಾತು ಆಮೇಲೆ. ನಿಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಎಂಜಿನ್ ಪಂಪು, 200 ಲೀಟರ್ ಡ್ರಮ್ಮು, ಉದ್ದನೆಯ ಪೈಪು ಈಗಾಗಲೇ ಇವೆ. ಕರೆಂಟ್ ತೆಗೆದ ಮೇಲೂ ಓಡುವ ಪಂಪು ಅದೊಂದೇ. ಯಾರ ಮನೆಯಲ್ಲಿ ಯಾವುದು ಸುಸ್ಥಿತಿಯಲ್ಲಿದೆ, ಪೆಟ್ರೋಲ್ ಇದೆಯೇ ಎಂದು ಬರೆದಿಟ್ಟುಕೊಳ್ಳಿ. ಉರಿಯುವ ಮನೆಯನ್ನು ಅದು ಉಳಿಸಲಾರದು. ಪಕ್ಕದ ಮನೆಯ ಮಾಡು, ಸೋಗೆ, ಸೌದೆ ರಾಶಿಯನ್ನು ಒದ್ದೆಯಾಗಿಟ್ಟು ಬೆಂಕಿ ದಾಟದಂತೆ ತಡೆಯಬಲ್ಲದು. ಬಣವೆಯ ಮೇಲೆ ಬರೀ ನೀರು ಹೊಯ್ದರೆ ಒಳಗಿನ ಕೆಂಡ ಹಾಗೇ ಉಳಿದು ರಾತ್ರಿ ಮತ್ತೆ ಹತ್ತಿಕೊಳ್ಳುತ್ತದೆ. ದೋಟಿಯಿಂದ ಎಳೆದು, ಹರಡಿ, ತೋಯಿಸಬೇಕು.

112 ಅಥವಾ 101ಕ್ಕೆ ಕರೆ ಮಾಡುವವರು ಯಾರೆಂದು ಮೊದಲೇ ಗೊತ್ತಿರಲಿ. ಇಲ್ಲದಿದ್ದರೆ ಪ್ರತಿಯೊಬ್ಬರೂ ‘ಇನ್ನೊಬ್ಬರು ಮಾಡಿರಬೇಕು’ ಅಂದುಕೊಳ್ಳುತ್ತಾರೆ. ಊರು, ಹತ್ತಿರದ ಗುರುತು, ಉರಿಯುತ್ತಿರುವುದು ಏನು, ಒಳಗೆ ಜನ ಅಥವಾ ಸಿಲಿಂಡರ್ ಇದೆಯೇ, ದೊಡ್ಡ ಗಾಡಿ ಹೋಗುವಷ್ಟು ದಾರಿ ಇದೆಯೇ — ಇಷ್ಟು ಹೇಳಿ. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ. ಮನೆಯ ಮೇನ್ ಸ್ವಿಚ್ ಆರಿಸದೆ ನೀರು ಹೊಡೆಯಬೇಡಿ. ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ.

ಅನೇಕರು ಮರೆಯುವುದು ನೀರಿನ ಲೆಕ್ಕ. ಸಾಮಾನ್ಯ ಫೈರ್ ಇಂಜಿನ್ ತರುವುದು ಸುಮಾರು 4,500 ಲೀಟರ್. ಜೋರಾಗಿ ಹೊಡೆದರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅದರ ಪಂಪು ಕೆರೆ-ಬಾವಿಯಿಂದ ನೀರೆಳೆಯಬಲ್ಲದು, ಆದರೆ ನೀರಿನ ಮಟ್ಟ ಪಂಪಿನಿಂದ ಆರೇಳು ಮೀಟರಿಗಿಂತ ಕೆಳಗಿರಬಾರದು. ಏಪ್ರಿಲ್‌ನಲ್ಲಿ ಎಷ್ಟು ಬಾವಿಗಳಲ್ಲಿ ಹಾಗಿರುತ್ತದೆ? ಗಾಡಿ ದಡದವರೆಗೆ ಹೋಗುವ ಕೆರೆ ಯಾವುದೆಂದು ಈಗಲೇ ನೋಡಿಟ್ಟುಕೊಳ್ಳಿ.

ಹೊಗೆ ತುಂಬಿದ ಮನೆಯೊಳಗೆ ತಂಡದವರು ಯಾರೂ ಕಾಲಿಡಕೂಡದು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಮಸಿ ತಡೆದೀತು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ತಡೆಯದು. ತರಬೇತಿಗೆ ಠಾಣಾಧಿಕಾರಿಗೆ ಪತ್ರ ಬರೆದು ಪ್ರಾತ್ಯಕ್ಷಿಕೆ ಕೇಳಿ. 1944ರ ಮುಂಬೈ ಬಂದರು ಸ್ಫೋಟದಲ್ಲಿ ಮಡಿದ ಸಿಬ್ಬಂದಿಯ ನೆನಪಿಗೆ ನಡೆಯುವ ಏಪ್ರಿಲ್ 14–20ರ ಅಗ್ನಿಶಾಮಕ ಸಪ್ತಾಹ ಅದಕ್ಕೆ ಒಳ್ಳೆಯ ಸಮಯ.

ಪ್ರಶ್ನೆ: ಬೆಳಿಗ್ಗೆ ಅಡುಗೆಮನೆ ಬಾಗಿಲು ತೆಗೆದಾಗ ಗ್ಯಾಸ್ ವಾಸನೆ ಬಂತು. ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಮನೆಯವರು ಬೈದರು. ತಪ್ಪೇ?
— ಓದುಗರು, ಹಾವೇರಿ

ಉತ್ತರ: ತಪ್ಪೇ. ಸ್ವಿಚ್ಚಿನೊಳಗಿನ ಕಿಡಿ ಸಾಕು. ಗಾಳಿಯಲ್ಲಿ ಅಡುಗೆ ಅನಿಲ ಸುಮಾರು ಶೇ. 2ರಿಂದ 9ರಷ್ಟು ಬೆರೆತಿದ್ದರೆ ಹೊತ್ತಿಕೊಳ್ಳುತ್ತದೆ. ಉರಿಯುತ್ತಿರುವ ಲೈಟ್ ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ-ಬಾಗಿಲು ತೆರೆಯಿರಿ, ದೇವರ ದೀಪ ಉರಿಯುತ್ತಿದ್ದರೆ ಮೊದಲು ಅದನ್ನು ಆರಿಸಿ. ಈ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಮೇಲಿನ ಕಿಟಕಿಗಿಂತ ಬಾಗಿಲು ಮುಖ್ಯ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಸೋರಿಕೆಗೆಂದೇ ಇರುವ ಸಂಖ್ಯೆ.

ಸೋರುವ ಜಾಗ ಹುಡುಕಲು ಕಡ್ಡಿ ಗೀರಬೇಡಿ, ಸೋಪಿನ ನೊರೆ ಹಚ್ಚಿ. ಗುಳ್ಳೆ ಏಳುವುದು ಹೆಚ್ಚಾಗಿ ಪೈಪಿನ ಎರಡು ತುದಿಗಳಲ್ಲಿ, ಇಲ್ಲವೇ ಸಿಲಿಂಡರ್ ಬಾಯಿಯ ರಬ್ಬರ್ ಬಳೆ ಸವೆದಲ್ಲಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಚೆನ್ನಾಗಿ ಕಂಡರೂ ಬದಲಿಸಿ. ಸಿಲಿಂಡರನ್ನು ಎಂದೂ ಮಲಗಿಸಬೇಡಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ.

ಪ್ರಶ್ನೆ: ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಮನೆಯಲ್ಲಿರುವ 2 ಕೆ.ಜಿ. ಎಬಿಸಿ ನಂದಕ (ಒಣ ಪುಡಿ ಚಿಮ್ಮಿಸಿ ಬೆಂಕಿ ಆರಿಸುವ ಸಾಧನ) ಬಳಸಬಹುದೇ?
— ಓದುಗರು, ಮಂಡ್ಯ

ಉತ್ತರ: ಮೊದಲು ಒಲೆ ಆರಿಸಿ, ಬಾಣಲೆಗಿಂತ ದೊಡ್ಡ ತಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಿ. ಪೂರ್ತಿ ತಣಿಯುವವರೆಗೆ ತೆಗೆಯಬೇಡಿ; ಇಣುಕಿ ನೋಡುವ ಚಪಲಕ್ಕೇ ಬೆಂಕಿ ಮತ್ತೆ ಏಳುವುದು. ನೀರು ಮಾತ್ರ ಬೇಡವೇ ಬೇಡ: ಎಣ್ಣೆಯ ತಳಕ್ಕಿಳಿದ ನೀರು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಹತ್ತಿರದಿಂದ ಹೊಡೆದ ಪುಡಿಯ ರಭಸಕ್ಕೂ ಎಣ್ಣೆ ಚೆಲ್ಲುತ್ತದೆ. ನಂದಕ ಪರದೆ, ಸ್ವಿಚ್ ಬೋರ್ಡಿನಂಥವಕ್ಕೆ ಇರಲಿ: ಪಿನ್ ಎಳೆದು, ಒಂದೆರಡು ಮೀಟರ್ ದೂರ ನಿಂತು, ಬೆಂಕಿಯ ಬುಡಕ್ಕೆ ಗುರಿಯಿಟ್ಟು ಅತ್ತಿತ್ತ ಆಡಿಸಿ. ಸಿಗುವುದು ಕೆಲವೇ ಸೆಕೆಂಡು. ನಂದಕದ ಒತ್ತಡ ಮಾಪಕದ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ, ಅಡುಗೆಮನೆ ಬಾಗಿಲ ಹೊರಗೆ ತೂಗುಹಾಕಿ. ಒಲೆಯ ಪಕ್ಕದಲ್ಲಿದ್ದರೆ ಬೇಕಾದಾಗ ಕೈಗೆ ಸಿಗದು.

ಪ್ರಶ್ನೆ: ಇಂಡಕ್ಷನ್ ಒಲೆ ಹಾಕಿದಾಗ ಎಕ್ಸ್‌ಟೆನ್ಷನ್ ಬೋರ್ಡ್ ಬಿಸಿಯಾಗುತ್ತದೆ.
— ವಿದ್ಯಾರ್ಥಿ, ಧಾರವಾಡ

ಉತ್ತರ: 6 ಆಂಪಿಯರ್ ಬೋರ್ಡು ತಾಳುವುದು 1,380 ವ್ಯಾಟ್, ನಿಮ್ಮ ಒಲೆ 2,000 ಇದ್ದೀತು. ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ನೇರ ಹಾಕಿ. ಪಿನ್ ಸುತ್ತ ಕಂದು ಕಲೆ ಬಿದ್ದಿರುವ ಬೋರ್ಡನ್ನು ಎಸೆದುಬಿಡಿ, ತಮ್ಮನಿಗೆ ಕೊಡಬೇಡಿ.