ಬಾಲ್ ಝೋನ್ ಒಳಗೆ ಹೋಗಬೇಕು

ಪ್ರಶ್ನೆ: ಸರ್, ನಾನು ನಮ್ಮ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿನ ಕ್ಯಾಪ್ಟನ್. ಎದುರಿನವರು ಮ್ಯಾನ್ ಟು ಮ್ಯಾನ್, ಅಂದರೆ ಒಬ್ಬೊಬ್ಬಳನ್ನು ಒಬ್ಬೊಬ್ಬಳು ಕಾಯುತ್ತಾ ಆಡಿದರೆ ನಮಗೆ ತೊಂದರೆ ಇಲ್ಲ. 2-3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು) ಹಾಕಿದರೆ ಮಾತ್ರ ಕೈಕಾಲು ಕಟ್ಟಿಹಾಕಿದ ಹಾಗೆ ಆಗುತ್ತದೆ. ಹೊರಗೇ ಪಾಸ್ ಮಾಡಿ ಮಾಡಿ, ಕೊನೆಗೆ ಯಾರೋ ಒಬ್ಬಳು ತ್ರೀ ಪಾಯಿಂಟರ್ ಎಸೆದುಬಿಡುತ್ತಾಳೆ. ಹೋದ ಎರಡು ಮ್ಯಾಚೂ ಹೀಗೇ ಸೋತೆವು. ಏನು ಮಾಡಬೇಕು?
– ಓದುಗರು, ಜಯನಗರ

ಉತ್ತರ: ‘ಹೊರಗೇ’ ಅಂತ ನೀವೇ ಬರೆದಿದ್ದೀರಲ್ಲ, ಕಾರಣ ಅದೇ. ಝೋನ್ ಆಡುವವರು ನಿಮ್ಮನ್ನು ಕಾಯುವುದಿಲ್ಲ, ಜಾಗ ಕಾಯುತ್ತಾರೆ. ಕಣ್ಣೆಲ್ಲ ಬಾಲ್ ಮೇಲೆ. ಬಾಲ್ ಹೊರಗಡೆ ಸುತ್ತುತ್ತಿದ್ದರೆ ಅವರು ಎರಡೆರಡು ಹೆಜ್ಜೆ ಆಚೀಚೆ ಸರಿದರೆ ಸಾಕು, ಸುಸ್ತೂ ಆಗುವುದಿಲ್ಲ. ಶೂಟ್ ಮಾಡಲು ನಿಮಗಿರುವ 24 ಸೆಕೆಂಡ್ ಮಾತ್ರ ಸುಮ್ನೆ ಖರ್ಚಾಗುತ್ತದೆ.

ಬಾಲ್ ನಡುವೆ ಹೋಗಬೇಕು, ಫ್ರೀ ಥ್ರೋ ಲೈನ್ ಹತ್ತಿರ, ಅಂದರೆ ಹೈ ಪೋಸ್ಟ್‌ಗೆ. ಮುಂದಿನ ಇಬ್ಬರಿಗೆ ಅದು ಬೆನ್ನ ಹಿಂದಿನ ಜಾಗ. ಹಿಂದಿನ ಮೂವರಲ್ಲಿ ನಡುವೆ ನಿಂತವಳು ಅಲ್ಲಿಗೆ ಬರಬೇಕಾದರೆ ರಿಂಗ್ ಬಿಟ್ಟು ಬರಬೇಕು. ಅಲ್ಲಿ ಬಾಲ್ ಬಿದ್ದ ಕೂಡಲೇ ‘ನೀನು ಹೋಗು, ನೀನು ಹೋಗು’ ಅಂತ ಅವರಲ್ಲೇ ಗಲಿಬಿಲಿ ಶುರುವಾಗುತ್ತದೆ, ನಮಗೆ ಬೇಕಾಗಿರುವುದು ಅದೇ.

ಅದಕ್ಕೆ 1-3-1 ಆಗಿ ನಿಲ್ಲಿ. ಒಬ್ಬಳು ಮೇಲೆ, ಅವರ ಮುಂದಿನ ಇಬ್ಬರ ಸಂದಿಗೆ ಸರಿಯಾಗಿ. ಎರಡು ವಿಂಗ್‌ನಲ್ಲಿ, ಅಂದರೆ ಎಡಬಲ ಪಕ್ಕಗಳಲ್ಲಿ ಇಬ್ಬರು, ಹೈ ಪೋಸ್ಟ್‌ನಲ್ಲಿ ಒಬ್ಬಳು. ಐದನೆಯವಳು ರಿಂಗ್ ಹಿಂದಿನ ಗೆರೆ, ಅಂದರೆ ಬೇಸ್‌ಲೈನ್ ಹತ್ತಿರ, ಬಾಲ್ ಯಾವ ಕಡೆ ಇದೆಯೋ ಆ ಕಡೆಗೆ ಓಡುತ್ತಿರಬೇಕು. ಮೇಲೆ ನಿಂತವಳು ಸಂದಿಯಲ್ಲಿ ಎರಡು ಡ್ರಿಬಲ್ ಹಾಕಿ ನುಗ್ಗಿದರೆ ಮುಂದಿನ ಇಬ್ಬರೂ ಅವಳ ಮೇಲೆ ಬೀಳುತ್ತಾರೆ, ಆಗ ವಿಂಗ್ ಖಾಲಿ.

ಹೈ ಪೋಸ್ಟ್‌ನಲ್ಲಿ ಯಾರು ನಿಲ್ಲಬೇಕು? ಹೆಚ್ಚಿನವರು ಇಲ್ಲೇ ಎಡವುವುದು. ನಾನು ಹುಡುಗಿಯರ ಟೀಮ್ ನೋಡಿಕೊಳ್ಳುತ್ತಿದ್ದಾಗ ಎಲ್ಲರಿಗಿಂತ ಎತ್ತರದವಳನ್ನು ಅಲ್ಲಿ ನಿಲ್ಲಿಸಿದ್ದೆ. ಅವಳು ಬಾಲ್ ಹಿಡಿದು, ರಿಂಗಿಗೆ ಬೆನ್ನು ಹಾಕಿಕೊಂಡೇ, ಕೊಟ್ಟವಳಿಗೇ ವಾಪಸ್ ಕೊಡುತ್ತಿದ್ದಳು. ಝೋನ್ ಅಲ್ಲಾಡುತ್ತಲೇ ಇರಲಿಲ್ಲ. ಆಮೇಲೆ ಗಿಡ್ಡ ಇದ್ದರೂ ಒಳ್ಳೆ ಪಾಸ್ ಕೊಡುವ ಗಾರ್ಡ್ ಒಬ್ಬಳನ್ನು ನಿಲ್ಲಿಸಿದೆ. ಎರಡೂ ಕೈಯಲ್ಲಿ ಹಿಡಿದು, ಬಾಲನ್ನು ಗಲ್ಲದ ಕೆಳಗೆ ಇಟ್ಟುಕೊಂಡು, ಒಂದು ಕಾಲೂರಿ ಗಿರಕ್ಕನೆ ರಿಂಗಿನ ಕಡೆ ತಿರುಗುವುದು. ಮೊದಲ ನೋಟ ಬೇಸ್‌ಲೈನಿಗೆ. ನಡುವಿನವಳು ಮುಂದೆ ಬಂದಿದ್ದರೆ ರಿಂಗ್ ಪಕ್ಕದಲ್ಲಿರುವ ನಮ್ಮವಳಿಗೆ ತಕ್ಷಣ ಪಾಸ್. ಬಂದಿಲ್ಲವಾ, ಅಲ್ಲಿಂದಲೇ ಶೂಟ್. ಪಕ್ಕದಿಂದ ಯಾರಾದರೂ ಒಳಗೆ ಓಡಿ ಬಂದರೆ ಆ ಕಡೆಯ ವಿಂಗ್‌ಗೆ ಕೊಡುವುದು. ಇಷ್ಟನ್ನೇ ದಿನಾ ಬೆಳಿಗ್ಗೆ ಅರ್ಧ ಗಂಟೆ ಮಾಡಿಸಿ. ಝೋನ್ ಜಾಗದಲ್ಲಿ ಐದು ಪ್ಲಾಸ್ಟಿಕ್ ಕುರ್ಚಿ ಇಟ್ಟರೂ ನಡೆಯುತ್ತದೆ. ಆಮೇಲೆ ಐದು ಜನರ ಎದುರು ಐದು ಜನ, ಡ್ರಿಬಲ್ ಇಲ್ಲದೆ ಬರೀ ಪಾಸ್‌ನಲ್ಲಿ ಆಡಿ.

ಪಾಸ್ ಕೊಡುವ ಮುಂಚೆ ಫೇಕ್ ಮರೆಯಬೇಡಿ. ಝೋನಿನವರು ಬಾಲನ್ನೇ ನೋಡುವುದರಿಂದ ಫೇಕ್‌ಗೆ ಬೇಗ ಬೀಳುತ್ತಾರೆ. ಕೈ ಮೇಲೆತ್ತಿ ತೋರಿಸಿ, ಕೆಳಗಿನಿಂದ ಬೌನ್ಸ್ ಪಾಸ್ ಕೊಡಿ. ಎಲ್ಲರೂ ಒಂದೇ ಕಡೆ ಸರಿದಾಗ ಆಚೆ ವಿಂಗ್‌ಗೆ ಸ್ಕಿಪ್ ಪಾಸ್ (ನಡುವಿನವರನ್ನು ಬಿಟ್ಟು ನೇರ ಆಚೆ ಕಡೆಗೆ) ಕೊಡಬಹುದು, ಆದರೆ ಅದು ರಭಸವಾಗಿ ನೇರ ಹೋಗಬೇಕು. ಕೋರ್ಟ್ 15 ಮೀಟರ್ ಅಗಲ ಇದೆ, ತೇಲಿಸಿ ಎಸೆದರೆ ಹೋಗಿ ಮುಟ್ಟುವಷ್ಟರಲ್ಲಿ ಕಳೆದುಕೊಳ್ಳುತ್ತೀರಿ.

ತ್ರೀ ಪಾಯಿಂಟರ್ ತಪ್ಪಲ್ಲ. ಒಳಗೆ ಹೋಗಿ ಹೊರಗೆ ಬಂದ ಬಾಲ್‌ನಲ್ಲಿ ಹೊಡೆಯಿರಿ, ಅಷ್ಟೇ. ನಿಮ್ಮಲ್ಲಿ ಜಾಸ್ತಿ ಜನ ಆಡುವುದು ಬಯಲು ಕೋರ್ಟಿನಲ್ಲಿ ಅಲ್ವಾ, ಗಾಳಿ ಇರುವ ದಿನ 6.75 ಮೀಟರ್ ದೂರದಿಂದ ಹೊಡೆದು ಗೆಲ್ಲುತ್ತೇವೆ ಅಂತ ನಂಬಿಕೊಳ್ಳಬೇಡಿ.

ಇನ್ನು ರೀಬೌಂಡ್, ಅಂದರೆ ಶೂಟ್ ತಪ್ಪಿ ವಾಪಸ್ ಬಂದ ಬಾಲ್ ಹಿಡಿಯುವುದು. ಝೋನಿನಲ್ಲಿ ಯಾರು ಯಾರನ್ನು ತಡೆಯಬೇಕು ಅನ್ನುವುದು ಪಕ್ಕಾ ಇರುವುದಿಲ್ಲ, ಹಾಗಾಗಿ ನಿಮ್ಮವರು ನುಗ್ಗಿದರೆ ಬಾಲ್ ಸಿಗುತ್ತದೆ. ಒಂದು ಕಡೆಯಿಂದ ಶೂಟ್ ಆದಾಗ ಆಚೆ ಕಡೆಯವಳು ಓಡಲೇಬೇಕು, ಕಾರ್ನರಿನಿಂದ ತಪ್ಪಿದ ಬಾಲ್ ಸಾಮಾನ್ಯವಾಗಿ ಆ ಕಡೆಗೇ ಬೀಳುತ್ತದೆ. ಮತ್ತೆ, ಬಾಲ್ ನಿಮ್ಮ ಕೈಗೆ ಸಿಕ್ಕ ತಕ್ಷಣ ಓಡಿ. ಅವರು ಐದೂ ಜನ ತಮ್ಮ ಜಾಗಕ್ಕೆ ಬಂದು ನಿಲ್ಲುವ ಮೊದಲು ಅಲ್ಲಿ ಝೋನೇ ಇರುವುದಿಲ್ಲ.

ಪ್ರಶ್ನೆ: ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಝೋನ್ ಬ್ಯಾನ್ ಅಂತೆ, ನಮ್ಮಲ್ಲಿ ಯಾಕೆ ಬಿಡುತ್ತಾರೆ?
– ಓದುಗರು, ರಾಜಾಜಿನಗರ

ಉತ್ತರ: ಬ್ಯಾನ್ ಇದ್ದದ್ದು ನಿಜ, 2001ರಲ್ಲಿ ತೆಗೆದರು. ಈಗ ಅಲ್ಲಿ ಡಿಫೆಂಡರ್ ಯಾರನ್ನೂ ಹತ್ತಿರದಿಂದ ಕಾಯದೆ ರಿಂಗ್ ಮುಂದಿನ ಪೇಂಟ್ ಒಳಗೆ 3 ಸೆಕೆಂಡಿಗಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ನಾವು ಆಡುವುದು ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ರೂಲ್ಸ್‌ನಲ್ಲಿ, ಅದರಲ್ಲಿ ಡಿಫೆಂಡರ್‌ಗೆ ಆ ಮಿತಿ ಇಲ್ಲ. ಆದರೆ ಬಾಲ್ ನಮ್ಮದಾಗಿರುವಾಗ ಎದುರಿನವರ ಪೇಂಟ್ ಒಳಗೆ ನಮ್ಮವರಿಗೆ 3 ಸೆಕೆಂಡ್ ಲೆಕ್ಕ ಇದ್ದೇ ಇದೆ. ಜಯನಗರದವರೂ ಇದನ್ನು ಓದಿಕೊಳ್ಳಿ: ಫ್ರೀ ಥ್ರೋ ಲೈನ್ ಕೂಡ ಪೇಂಟಿಗೇ ಸೇರಿದ್ದು. ಗೆರೆ ಮೇಲೆ ಕಾಲಿಟ್ಟು ಕಾಯುತ್ತಾ ನಿಂತರೂ ರೆಫರಿ ಸೀಟಿ ಊದುತ್ತಾರೆ. ಹೈ ಪೋಸ್ಟ್‌ನವಳು ಗೆರೆಯ ಆಚೆ ಒಂದು ಹೆಜ್ಜೆ ನಿಂತು, ಪಾಸ್ ಬರುವಾಗ ಒಳಗೆ ಬರಲಿ.